ಏನೂ ಆಗದಿದ್ದಾಗ ಬಂದ ಜೀಪು

ನಮ್ಮ ಓಣಿಗೆ ಪೊಲೀಸ್ ಜೀಪು ಬಂದರೆ ಮೊದಲು ಬಾಗಿಲುಗಳು ಮುಚ್ಚುತ್ತವೆ, ಆಮೇಲೆ ಕಿಟಕಿಗಳು ತೆರೆಯುತ್ತವೆ. ಆ ಭಾನುವಾರ ಅದು ನಮ್ಮ ಮನೆ ಮುಂದೆಯೇ ನಿಂತಿತು. ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ನನ್ನ ಗಂಡ ಹೊರಗೆ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದರು. ಜೀಪು ಕಂಡದ್ದೇ ತಡ, ಪೇಪರು ಕೈಯಿಂದ ಜಾರಿತು. ಅವರು ಪುಕ್ಕಲರೇನಲ್ಲ. ಹಿಂದೊಮ್ಮೆ ಇದೇ ಜಾಗದಲ್ಲಿ ಜೀಪು ನಿಂತಾಗ, ಇಳಿದು ಬಂದವರು ಒಂದು ಬೈಕಿನ ನಂಬರು ಹೇಳಿ, ಇದು ನಿಮ್ಮದೇನು ಎಂದು ಕೇಳಿದ್ದರು. ಅದು ನನ್ನ ಮೈದುನನ ಬೈಕು. ಮನೆಯಿಂದ ಕೂಗಳತೆಯ ದೂರದಲ್ಲಿ, ಬೈಪಾಸಿನ ಅಂಚಿಗೆ, ಎದುರಿನಿಂದ ಓವರ್‌ಟೇಕ್ ಮಾಡಿಕೊಂಡು ಬಂದ ಕಾರು ಅವನ ಜೀವ ತೆಗೆದಿತ್ತು. ಮೀಸೆ ಸರಿಯಾಗಿ ದಟ್ಟವಾಗದ ವಯಸ್ಸು.

ಈ ಸಲ ಜೀಪಿನಿಂದ ಇಳಿದದ್ದು ಒಬ್ಬ ಹೆಣ್ಣುಮಗಳು, ಟ್ರಾಫಿಕ್ ಠಾಣೆಯ ಸಬ್ ಇನ್‌ಸ್ಪೆಕ್ಟರು. ಕಂಕುಳಲ್ಲಿ ಒಂದು ಟ್ಯಾಬ್ ಇತ್ತು.

"ಏನಾತ್ರೀ? ಯಾರಿಗೇನಾತು?" ನನ್ನ ಗಂಡ ಕಟ್ಟೆಯಿಂದ ಇಳಿದು ಕೇಳಿದರು.

"ಯಾರಿಗೂ ಏನೂ ಆಗಿಲ್ರಿ. ಗಾಬರಿ ಆಗಬ್ಯಾಡ್ರಿ. ಆಗಬಾರದಂತನ ಬಂದೇನಿ," ಎಂದರು ಆಕೆ.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ, ಅದು ನಾನು ಕಲಿಸುವ ಶಾಲೆಯ ಹೆಡ್‌ಮಾಸ್ತರರಿಗೂ ಗೊತ್ತು. "ಆದ ಮ್ಯಾಲ ಕರದ್ರನ ಬರಾಕ ಹೊತ್ತಾಗತೈತಿ ನಿಮಗ. ಆಗಲಾರದ್ದಕ್ಕ ಹ್ಯಾಂಗ ಬಂದ್ರಿ?" ಎಂದುಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. "ಅದನ್ನ ಬದಲಿ ಮಾಡಾಕತ್ತೇವ್ರಿ ಅಕ್ಕಾರ," ಎಂದು ನಕ್ಕು, ಬೂಟು ಬಿಚ್ಚಿ ಒಳಗೆ ಬಂದು ಚಾಪೆಯ ಮೇಲೆ ಕೂತರು. ಬೂಟು ಬಿಚ್ಚಿದ ಪೊಲೀಸರನ್ನು ನಾನು ನೋಡಿದ್ದು ಅದೇ ಮೊದಲು.

ಅವರು ಬಂದದ್ದು ನನ್ನ ಅತ್ತೆಯನ್ನು ಕಾಣಲು. ಬಂದ ಕಾರಣ ತಿಳಿಯಬೇಕಾದರೆ ಬೈಪಾಸಿನ ಅಂಚಿನ ಆ ಕಲ್ಲಿನ ಸಂಗತಿ ಹೇಳಬೇಕು.

ಮಗ ಹೋದ ಮೇಲೆ ನನ್ನ ಅತ್ತೆ ಅವನು ಬಿದ್ದ ಜಾಗದಲ್ಲಿ ಒಂದು ಕಲ್ಲು ಇಡಿಸಿದರು. ಹಿತ್ತಲಲ್ಲಿ ಅವನು ಕೂತು ಸ್ನಾನ ಮಾಡುತ್ತಿದ್ದ ಕಲ್ಲು ಅದು. ಅದಕ್ಕೆ ವಿಭೂತಿ ಹಚ್ಚಿ, ದಿನಾ ಸಂಜೆ ಒಂದು ದೀಪ ಹಚ್ಚಿ ಬರುತ್ತಿದ್ದರು. ಅಷ್ಟೇ ಇದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ನಮ್ಮ ಕಡೆ ರಸ್ತೆಬದಿಯಲ್ಲಿ ಒಂದು ದೀಪ ಉರಿಯುತ್ತಿದ್ದರೆ ಅದನ್ನು ಸುಮ್ಮನೆ ಬಿಡುವವರು ಯಾರು? ಯಾರೋ ಲಾರಿಯವನು ಒಂದು ನಿಂಬೆಹಣ್ಣು ಇಟ್ಟ. ಇನ್ನೊಬ್ಬ ಕಾಯಿ ಒಡೆದ. ಮತ್ತೊಬ್ಬ ಸಿಮೆಂಟು ತಂದು ಕಟ್ಟೆ ಕಟ್ಟಿಸಿದ, ಗಾಡಿಯ ಬ್ರೇಕು ಫೇಲಾದರೂ ಅವನು ಅಲ್ಲಿ ಬಚಾವಾಗಿದ್ದನಂತೆ. ನೋಡನೋಡುತ್ತ ಕಲ್ಲಿಗೆ ಹೆಸರೂ ಬಂತು: ಬೈಪಾಸಜ್ಜ. ಲಗ್ನವನ್ನೇ ಕಾಣದ ಹುಡುಗ, ಎಣ್ಣೆಗಾಯಿ ಕದ್ದು ತಿಂದು ನನ್ನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ ಹುಡುಗ, ಊರಿಗೆಲ್ಲ ಅಜ್ಜನಾಗಿ ಕೂತ. ಮೊದಮೊದಲು ನನಗೆ ನಗು ಬರುತ್ತಿತ್ತು, ಒಬ್ಬಳೇ ಇದ್ದಾಗ ಅಳುವೂ ಬರುತ್ತಿತ್ತು.

ಅತ್ತೆಗೆ ಮಾತ್ರ ಅದು ಜೀವ ಹಿಡಿದುಕೊಳ್ಳುವ ಆಧಾರವಾಯಿತು. ಅಮಾವಾಸ್ಯೆ ಬಂದರೆ ಸಾಕು, ಸಂಜೆ ಹೊತ್ತಿಗೆ ಲಾರಿಗಳು, ಟ್ರ್ಯಾಕ್ಟರುಗಳು, ಕಾರುಗಳು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ತೊಳೆದ ಗಾಡಿ, ಬಂಪರಿಗೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಅರ್ಧ ಗಾಡಿ ಮಣ್ಣಿನ ಮೇಲೆ, ಅರ್ಧ ಡಾಂಬರಿನ ಮೇಲೆ. ಅತ್ತೆ ಕಟ್ಟೆಯ ಪಕ್ಕ ಕೂತು ಎಲ್ಲರ ಹಣೆಗೂ ವಿಭೂತಿ ಹಚ್ಚುವರು. "ಎಷ್ಟ ಮಂದಿ ನೋಡವ್ವಾ, ನನ್ನ ಮಗನ್ನ ಯಾರೂ ಮರತಿಲ್ಲ," ಎಂದು ಮನೆಗೆ ಬಂದು ಹೇಳುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಕಳೆ ಬೇರೆ ಯಾವ ಹಬ್ಬದಲ್ಲೂ ಕಾಣುತ್ತಿರಲಿಲ್ಲ.

ಅಲ್ಲಿ ಆಗಾಗ ಅಪಘಾತಗಳೂ ಆಗುತ್ತಿದ್ದವು. ಅಮಾವಾಸ್ಯೆಯ ಆಸುಪಾಸಿಗೆ ಹೆಚ್ಚು. ನಮ್ಮ ಓಣಿಯವರು ಅದಕ್ಕೂ ಕಾರಣ ಹುಡುಕಿದ್ದರು: ಜಾಗ ಕೆಟ್ಟದ್ದು, ಅಜ್ಜನಿಗೆ ಸೇವೆ ಕಡಿಮೆಯಾಗಿದೆ. ಹಾಗಾಗಿ ಪ್ರತಿ ಅಪಘಾತದ ನಂತರ ಇನ್ನಷ್ಟು ಗಾಡಿಗಳು ಬಂದು ನಿಲ್ಲುತ್ತಿದ್ದವು. ಹಿಂದಿದ್ದ ಅಧಿಕಾರಿಗಳು ಒಮ್ಮೆ ಅಲ್ಲಿ "ಅಪಘಾತ ವಲಯ, ನಿಧಾನವಾಗಿ ಚಲಿಸಿ" ಎಂಬ ಬೋರ್ಡು ನೆಟ್ಟು ಹೋದರು. ನಮ್ಮವರು ಆ ಬೋರ್ಡಿಗೂ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಅದರ ಬುಡದಲ್ಲೂ ಕಾಯಿ ಒಡೆಯಲು ಶುರುಮಾಡಿದರು. ಸ್ವಲ್ಪ ದಿನದಲ್ಲಿ ಅಕ್ಷರಗಳೇ ಕಾಣದಾದವು.

ಈಗ ಚಾಪೆಯ ಮೇಲೆ ಕೂತ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ್ದು ಇಷ್ಟು. ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಅಪಘಾತವಾಯಿತು ಎಂಬುದನ್ನೆಲ್ಲ ಅವಳಿನಗರದ ನಕಾಶೆಯ ಮೇಲೆ ಚುಕ್ಕಿ ಇಟ್ಟು ನೋಡಿದ್ದಾರೆ. ಕಲ್ಲಿನ ಬಳಿ ಸತ್ತವರಲ್ಲಿ ಹೆಚ್ಚಿನವರು, ಸಂಜೆ ಕೆಲಸ ಮುಗಿಸಿ ಬರುತ್ತ, ನಿಂತ ಲಾರಿಗೆ ಹಿಂದಿನಿಂದ ಗುದ್ದಿದ ಬೈಕಿನವರು. ಕಲ್ಲನ್ನು ಹೆದ್ದಾರಿಯ ಅಂಚಿನಿಂದ ತೆಗೆದು, ನಮ್ಮ ಓಣಿಗೆ ತಿರುಗುವ ಮಣ್ಣಿನ ದಾರಿಯ ಪಕ್ಕದ ಬಯಲಿನಲ್ಲಿ, ಬೇವಿನ ಮರದ ಕೆಳಗೆ ಇಟ್ಟರೆ ಗಾಡಿಗಳು ಒಳಗೆ ಬಂದು ನಿಲ್ಲಬಹುದು.

ಅತ್ತೆ ಪೂರ್ತಿ ಕೇಳಲೇ ಇಲ್ಲ. ಎದ್ದು ನಿಂತರು.

"ನನ್ನ ಮಗಾ ಅಲ್ಲಿ ಅದಾನ. ಬದಕಿದ್ದಾಗಂತೂ ಉಳಸಲಿಲ್ಲ ನೀವು. ಈಗ ಸತ್ತಾವನ್ನೂ ಎಬ್ಬಸಾಕ ಬಂದೀರಿ?"

"ಹಂಗಲ್ರಿ ಅವ್ವಾರ..."

"ಕಲ್ಲಿಗೆ ಕೈ ಹಚ್ಚಿದ್ರ ನಾ ಅಲ್ಲೇ ಜೀವಾ ಬಿಡತೇನಿ. ನಡೀರಿ."

ಸಾಹೇಬರು ಟ್ಯಾಬನ್ನು ತೆರೆಯಲೂ ಇಲ್ಲ. ಕೈಮುಗಿದು, "ತಪ್ಪಾತ್ರಿ ಅವ್ವಾರ, ಮತ್ತ ಬರತೇನಿ," ಎಂದು ಹೊರಟರು. ಬೂಟು ಹಾಕಿಕೊಳ್ಳುವಾಗ ನಾನು ಹತ್ತಿರ ಹೋಗಿ, "ಜೆಸಿಬಿ ತರಸ್ತೀರೇನು?" ಎಂದು ಕೇಳಿದೆ. "ತರಸಬಹುದ್ರಿ. ಕಾಗದಾ ಎಲ್ಲಾ ಅದಾವು. ಆದ್ರ ಇದನ್ನ ಕಿತ್ತರ ನಾಳೆ ಬ್ಯಾರೆ ಕಲ್ಲ ಬರತೈತಿ, ಅದೂ ಅಲ್ಲೇ. ಅವ್ವಾರ ಮನಸ ಮಾಡಿದ್ರನ ಇದು ಆಗೂದು," ಎಂದರು.

ಆ ವಾರ ಶಾಲೆಗೆ ಹೋಗುವಾಗ ನನಗೊಂದು ಹಳೆಯ ಸಂಗತಿ ನೆನಪಾಯಿತು. ನಮ್ಮ ಶಾಲೆ ದೇಶಪಾಂಡೆ ನಗರದಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಬೆಳಗಿನ ವಾಕಿಂಗಿಗೆ ಹೋದ ಹೆಂಗಸರ ಕೊರಳ ಸರಕ್ಕೆ ಕೈ ಹಾಕುವ ಹಾವಳಿ ಜೋರಾಗಿತ್ತು. ನಮ್ಮ ಟೀಚರೊಬ್ಬರು ಮಂಗಳಸೂತ್ರ ಕಳೆದುಕೊಂಡು ವಾರವಿಡೀ ಅತ್ತಿದ್ದರು. ಆಮೇಲೆ ಅದೇ ಬೀದಿಗಳಲ್ಲಿ, ಅದೇ ಹೊತ್ತಿಗೆ ಇಬ್ಬಿಬ್ಬರು ಪೊಲೀಸರು ನಡೆದಾಡತೊಡಗಿದರು. ಪಾಪ, ಪೊಲೀಸರಿಗೂ ಸಕ್ಕರೆ ಬಂದಿದೆ, ಡಾಕ್ಟರು ವಾಕಿಂಗ್ ಬರೆದುಕೊಟ್ಟಿದ್ದಾರೆ ಎಂದು ನಾವು ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಸರಗಳ್ಳತನ ಯಾವಾಗ ನಿಂತಿತೋ ನಾವು ಗಮನಿಸಲೇ ಇಲ್ಲ. ದುರ್ಗದಬೈಲಿನಲ್ಲೂ ಹಾಗೆಯೇ. ಹಬ್ಬದ ಸಂತೆಯ ಗದ್ದಲದಲ್ಲಿ ಪರ್ಸು ಹೋಗುತ್ತಿದ್ದ ಮೂಲೆಗಳಲ್ಲಿ ಈಗ ಮೊದಲೇ ಯಾರಾದರೊಬ್ಬರು ನಿಂತಿರುತ್ತಾರೆ. ಕಳ್ಳನನ್ನು ಹಿಡಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಕಳ್ಳತನವೇ ಆಗದಂತೆ ನಿಂತವರ ಫೋಟೋ ಯಾರು ಹಾಕುತ್ತಾರೆ? ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವ ನಾನೂ ಇದನ್ನು ಹೀಗೆ ಯೋಚಿಸಿರಲಿಲ್ಲ.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನವೇ ಸಾಹೇಬರು ಬೈಪಾಸಿಗೆ ಬಂದು ನಿಂತರು. ಕಲ್ಲಿನಿಂದ ಸಾಕಷ್ಟು ಹಿಂದೆ ಕೆಂಪು ಟ್ರಾಫಿಕ್ ಕೋನುಗಳನ್ನು ಸಾಲಾಗಿ ಇಡಿಸಿದರು. ಯಾರಿಗೂ ದಂಡ ಹಾಕಲಿಲ್ಲ, ಯಾರ ಪೂಜೆಗೂ ಅಡ್ಡ ಬರಲಿಲ್ಲ. ಹಿಂದಿನಿಂದ ಬರುವ ಬೈಕುಗಳನ್ನು ಕೈಸನ್ನೆ ಮಾಡಿ ಬಲಕ್ಕೆ ಕಳಿಸುತ್ತ ನಿಂತಿದ್ದರು. ಬಿಸಿಲು ಎಂದರೆ ಬಿಸಿಲು. ಅತ್ತೆ ಕಟ್ಟೆಯ ಪಕ್ಕ ಕೂತು ಓರೆಗಣ್ಣಿನಿಂದ ನೋಡುತ್ತಲೇ ಇದ್ದರು. ಒಂದು ಹೊತ್ತಿನಲ್ಲಿ ನನ್ನನ್ನು ಕರೆದು, "ಆಕಿ ನೀರು ಕುಡದಾಳೋ ಇಲ್ಲೋ ಕೇಳು. ಸಿಟ್ಟ ಬ್ಯಾರೆ, ನೀರಡಿಕಿ ಬ್ಯಾರೆ," ಎಂದರು. ನಾನು ಮಜ್ಜಿಗೆ ಒಯ್ದು ಕೊಟ್ಟೆ.

ಕತ್ತಲಾಗುವ ಹೊತ್ತಿಗೆ ಗದ್ದಲ ಕರಗಿತು. ಆ ದಿನ ಯಾರಿಗೂ ಏನೂ ಆಗಲಿಲ್ಲ. ಹೊರಡುವ ಮೊದಲು ಸಾಹೇಬರು ಕಲ್ಲಿನ ಹತ್ತಿರ ಬಂದರು. ಬೂಟು ಬಿಚ್ಚಿದರು, ಟೋಪಿ ತೆಗೆದರು, ಕೈಮುಗಿದು ಒಂದಿಷ್ಟು ಹೊತ್ತು ನಿಂತರು. ಅತ್ತೆ ವಿಭೂತಿಯ ಬಟ್ಟಲಿಗೆ ಬೆರಳು ಅದ್ದಿ ಆಕೆಯ ಹಣೆಗೂ ಹಚ್ಚಿದರು. ಮನೆಗೆ ಬರುತ್ತ ಅತ್ತೆ, "ನಾಳೆ ಆಕೀನ್ನ ಊಟಕ್ಕ ಕರೀ. ಆ ಡಬ್ಬಿ ತರಾಕ ಹೇಳು," ಎಂದರು. ಡಬ್ಬಿ ಎಂದರೆ ಟ್ಯಾಬ್.

ಮರುದಿನ ಸಾಹೇಬರು ಸೀರೆಯುಟ್ಟು ಬಂದರು. ಯೂನಿಫಾರ್ಮ್ ಇಲ್ಲದೆ ಅವರು ನಮ್ಮ ಓಣಿಯ ಯಾರದೋ ಮನೆಯ ಮಗಳಂತೆ ಕಂಡರು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಶೇಂಗಾ ಚಟ್ನಿ. ಅತ್ತೆ ಪಕ್ಕದಲ್ಲೇ ಕೂತು, ಬೇಡ ಬೇಡ ಎಂದರೂ ಬಡಿಸಿದರು. ಉಂಡು ಕೈ ತೊಳೆದ ಮೇಲೆ, "ಈಗ ತೋರಸು," ಎಂದರು.

ನಕಾಶೆ ತೆರೆಯಿತು. ಗಬ್ಬೂರಿನ ತಿರುವು, ಬೈಪಾಸು, ನಮ್ಮ ಓಣಿ ಎಲ್ಲ ಗೆರೆಗಳಾಗಿ ಕಂಡವು. ಕಲ್ಲಿನ ಜಾಗದಲ್ಲಿ ಕೆಂಪು ಚುಕ್ಕಿಗಳು ಒತ್ತೊತ್ತಾಗಿ ಬಿದ್ದಿದ್ದವು. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದ್ರಾಗ ನನ್ನ ಮಗಾ ಯಾವಾಂವ?"

ಹುಡುಕುವ ಅವಶ್ಯಕತೆಯೇ ಇಲ್ಲದವರಂತೆ ಸಾಹೇಬರು ಒಂದು ಚುಕ್ಕಿಯ ಬಳಿ ಬೆರಳು ತೋರಿಸಿದರು. "ಇಲ್ಲಿ ಅದಾರ್ರೀ ಅವ್ವಾರ." ಈಕೆ ಇದನ್ನು ಮೊದಲೇ ನೋಡಿ ಇಟ್ಟುಕೊಂಡಿದ್ದಾರೆ ಎಂದು ನನಗೆ ಹೊಳೆದದ್ದು ಆಗ. ಊರಿನ ಅಷ್ಟೂ ಚುಕ್ಕಿಗಳಲ್ಲಿ ನಮ್ಮ ಹುಡುಗ ಯಾರು ಎಂಬುದು ಅವರಿಗೆ ಗೊತ್ತಿತ್ತು. ಆ ಕ್ಷಣ ಅವರ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಇಳಿದಿಲ್ಲ.

ಅತ್ತೆ ಚುಕ್ಕಿಯನ್ನು ಸವರಲು ಹೋದರು. ಬೆರಳು ತಾಗಿದ್ದೇ ನಕಾಶೆ ಸರ್ರನೆ ಪಕ್ಕಕ್ಕೆ ಜಾರಿತು. ಅತ್ತೆ ಬೆಚ್ಚಿ ಕೈ ಹಿಂದೆ ತೆಗೆದುಕೊಂಡರು. ಸಾಹೇಬರು ಅದನ್ನು ಮತ್ತೆ ಎಳೆದು ತಂದು ಅದೇ ಜಾಗಕ್ಕೆ ನಿಲ್ಲಿಸಿದರು.

"ಅಂವ ಹೋದಾಗ ಇಲ್ಲಿ ಎಷ್ಟ ಮಂದಿ ಇದ್ರು?"

ಸಾಹೇಬರು ನನ್ನ ಕಡೆ ನೋಡಿದರು. "ಅದೆಲ್ಲಾ ಯಾಕ್ರಿ ಅವ್ವಾರ, ಬಿಡ್ರಿ."

"ತೋರಸವ್ವಾ. ಹೆತ್ತ ಮಗನ್ನ ಕಳಕೊಂಡಾಕಿ ನಾ. ಅಂಜೂದಿಲ್ಲ."

ಸಾಹೇಬರು ಏನೋ ಒತ್ತಿದರು. ಚುಕ್ಕಿಗಳೆಲ್ಲ ಅಳಿಸಿಹೋಗಿ ಆ ಜಾಗದಲ್ಲಿ ಒಂದೇ ಒಂದು ಉಳಿಯಿತು. ಅದು ನನ್ನ ಮೈದುನ. ಮತ್ತೆ ಒತ್ತಿದರು. ವರ್ಷದಿಂದ ವರ್ಷಕ್ಕೆ ಉಳಿದವು ಬಂದು ಅವನ ಸುತ್ತ ಕೂತವು.

ಅತ್ತೆ ಓದು ಬರಹ ಕಲಿತವರಲ್ಲ. ಆದರೆ ಇದನ್ನು ಓದಲು ಸಾಲಿ ಬೇಕಾಗಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಸಾಹೇಬರು ಅವರ ಕೈ ಹಿಡಿದುಕೊಂಡು, "ನಿಮ್ಮ ದೀಪದಿಂದ ಯಾರೂ ಸತ್ತಿಲ್ರಿ. ರಸ್ತಾದ ಮ್ಯಾಲ ಗಾಡಿ ನಿಂತದ್ದಕ್ಕ ಸತ್ತಾರ. ಅದನ್ನ ನೋಡಿಕೊಳ್ಳೂದು ನಮ್ಮ ಕೆಲಸಾ ಇತ್ತು, ನಿಮ್ಮದಲ್ಲ," ಎಂದರು. ಅತ್ತೆ ತಲೆಯಾಡಿಸಿದರು. ಕೈ ಬಿಡಿಸಿಕೊಂಡು ಒಳಗೆ ಹೋಗಿ ಮಲಗಿದರು.

ಆ ಸಂಜೆ ಅವರು ದೀಪ ಹಚ್ಚಲು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಊಟ ಕಡಿಮೆ ಮಾಡಿದರು. ನನ್ನ ಗಂಡ ಹೆದರಿ, ಆ ಡಬ್ಬಿ ತೋರಿಸಬಾರದಿತ್ತು ಎಂದು ನನ್ನ ಮೇಲೆ ರೇಗಿದರು. ನಾನೂ ರೇಗಿದೆ. ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಅಷ್ಟರಲ್ಲಿ ಒಂದು ಮುಂಜಾನೆ ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು, "ಅಯ್ಯನೋರಿಗೆ ಹೇಳಿ ಕಳಸ್ರಿ. ಆ ಹುಡುಗಿಗೂ ಹೇಳ್ರಿ," ಎಂದರು. ಅಯ್ಯನೋರು ಎಂದರೆ ನಮ್ಮ ಮನೆಯ ಪೂಜೆ ಮಾಡಿಸುವವರು, ಹುಡುಗಿ ಎಂದರೆ ಸಬ್ ಇನ್‌ಸ್ಪೆಕ್ಟರ್ ಸಾಹೇಬರು.

ಕಲ್ಲು ಎತ್ತುವ ದಿನ ಬೈಪಾಸಿನ ಅಂಚಿಗೆ ಜನ ಸೇರಿತು. ಲಾರಿಯವರು ಒಪ್ಪಲಿಲ್ಲ. ಕಟ್ಟೆ ಕಟ್ಟಿಸಿದ್ದವನೇ ಮುಂದೆ ನಿಂತು ಕೂಗಾಡಿದ: "ಅಜ್ಜನ್ನ ಕದಲಸಿದ್ರ ಊರಿಗೆ ಕೇಡ್ರಿ! ಪೊಲೀಸ್ರ ಮಾತ ಕೇಳಿ ದೇವರ ಮ್ಯಾಲ ಕೈ ಹಾಕ್ತೀರಿ?" ಕಾನ್‌ಸ್ಟೇಬಲ್‌ಗಳು ಮುಂದೆ ಬಂದರು. ಸಾಹೇಬರು ಕೈ ಅಡ್ಡ ಮಾಡಿ ಅವರನ್ನು ಹಿಂದೆ ನಿಲ್ಲಿಸಿದರು. ಆ ಗಳಿಗೆಯಲ್ಲಿ ಒಂದು ಲಾಠಿ ಮೇಲೆದ್ದಿದ್ದರೂ ಎಲ್ಲವೂ ಕೆಡುತ್ತಿತ್ತು.

ಅತ್ತೆ ಗುಂಪನ್ನು ಸರಿಸಿಕೊಂಡು ಆ ಲಾರಿಯವನ ಎದುರು ಹೋಗಿ ನಿಂತರು.

"ಅಂವ ಅಜ್ಜ ಅಲ್ಲಪಾ. ನನ್ನ ಸಣ್ಣ ಮಗಾ. ನಾ ಕರದ್ರ ಬರತಾನ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅತ್ತೆ ಬಗ್ಗಿ ಕಲ್ಲಿನ ಮೇಲಿನ ಹಾರಗಳನ್ನು, ಒಣಗಿದ ನಿಂಬೆಹಣ್ಣುಗಳನ್ನು ಒಂದೊಂದಾಗಿ ತೆಗೆದರು. ಕೆಳಗಿನಿಂದ ನಮ್ಮ ಹಿತ್ತಲಿನ ಸಾದಾ ಕಲ್ಲು ಹೊರಬಂತು. ಅದನ್ನು ಸವರಿ, "ನಡೀಯಪಾ," ಎಂದರು. ನನ್ನ ಗಂಡ ಎತ್ತಲು ಹೋದರೆ ಭಾರ ತಡೆಯಲಾಗಲಿಲ್ಲ. ಆಗ ಅದೇ ಲಾರಿಯವನು, ಕಣ್ಣು ಒರೆಸಿಕೊಳ್ಳುತ್ತ ಬಂದು, ಇನ್ನೊಂದು ಬದಿಗೆ ಕೈ ಹಾಕಿದ. ಹೀಗೆ ನನ್ನ ಮೈದುನ ಬೇವಿನ ಮರದ ಕೆಳಗೆ ಬಂದ.

ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಆದರೆ ಕಲ್ಲು ಕದಲಿದಷ್ಟು ಸುಲಭವಾಗಿ ರೂಢಿ ಕದಲುತ್ತದೆಯೇ? ಮುಂದಿನ ಅಮಾವಾಸ್ಯೆಗೆ ದೂರದ ಊರಿನ ಗಾಡಿಗಳು ಬಂದು ಹಳೇ ಜಾಗದಲ್ಲೇ ನಿಂತವು. ಕಲ್ಲಿಲ್ಲದ ಕಡೆ ಕಾಯಿ ಒಡೆಯತೊಡಗಿದರು! ನನಗೆ ಮೈಯೆಲ್ಲ ಉರಿಯಿತು. ಸಾಹೇಬರು ತಲೆಕೆಡಿಸಿಕೊಳ್ಳಲಿಲ್ಲ. ಇದು ಹೀಗಾಗುತ್ತದೆ ಎಂದು ಅವರು ಅಂದಾಜು ಮಾಡಿಯೇ ಕೋನುಗಳನ್ನು ತಂದಿದ್ದರು. ಆದರೆ ಕೋನು ಮಾತಾಡುವುದಿಲ್ಲ, ಪೊಲೀಸರು ಮಾತಾಡಿದರೆ ಜನ ದಂಡವೆಂದು ಓಡುತ್ತಾರೆ.

ಅತ್ತೆ ತಾವಾಗಿಯೇ ಎದ್ದರು. ಮಣ್ಣಿನ ದಾರಿ ತಿರುಗುವ ಕಡೆ, ರಸ್ತೆಯಿಂದ ಒಳಗೆ, ಹೋಗಿ ನಿಂತುಕೊಂಡರು. ಸಾಹೇಬರು ಓಡಿಹೋಗಿ ತಮ್ಮ ಮಿಂಚುವ ಹಸಿರು ಜಾಕೀಟು ತೆಗೆದು ಅವರಿಗೆ ತೊಡಿಸಿದರು. ಇಳಕಲ್ ಸೀರೆಯ ಮೇಲೆ ಪೊಲೀಸ್ ಜಾಕೀಟು, ಕೈಯಲ್ಲಿ ವಿಭೂತಿ ಬಟ್ಟಲು. ನೋಡಿದರೆ ನಗು ತಡೆಯುವಂತಿರಲಿಲ್ಲ, ಆದರೆ ನಾವ್ಯಾರೂ ನಗಲಿಲ್ಲ. ಗಾಡಿ ನಿಧಾನ ಮಾಡಿದವರಿಗೆಲ್ಲ ಅವರು ಕೈ ಬೀಸಿ ಹೇಳುತ್ತಿದ್ದರು:

"ಅಲ್ಲಿಲ್ಲಪಾ, ಮುಂದ ಬರ್ರಿ. ನನ್ನ ಮಗಾ ಈ ಕಡೆ ಬಂದಾನ."

ಗಾಡಿಗಳು ಒಂದರ ಹಿಂದೊಂದು ಒಳಕ್ಕೆ ತಿರುಗಿದವು.

ಇದಾಗಿ ಬಹಳ ಅಮಾವಾಸ್ಯೆಗಳು ಕಳೆದಿವೆ. ಈಗ ದಾರಿ ಎಲ್ಲರಿಗೂ ರೂಢಿಯಾಗಿದೆ. ಆದರೂ ಅತ್ತೆ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿಲ್ಲ. ಜಾಕೀಟನ್ನು ನನ್ನ ಕೈಗೂ ಕೊಡದೆ ತಾವೇ ಒಗೆದು ಗೂಟಕ್ಕೆ ಹಾಕುತ್ತಾರೆ. ಸಾಹೇಬರೂ ಆ ಕಡೆ ಬಂದಾಗಲೆಲ್ಲ ಜೀಪು ನಿಲ್ಲಿಸಿ ಮಾತಾಡಿಸಿ ಹೋಗುತ್ತಾರೆ. ನಮ್ಮ ಓಣಿಯವರು ಈಗ ಬಾಗಿಲು ಮುಚ್ಚುವುದಿಲ್ಲ, ಚಹಾಕ್ಕೆ ಇಡುತ್ತಾರೆ.

"ಯವ್ವಾ, ಹೊಸಾ ಚುಕ್ಕಿ?" ಎಂದು ಅತ್ತೆ ಕೇಳುತ್ತಾರೆ.

"ಇಲ್ರಿ ಅವ್ವಾರ. ಇಲ್ಲಿ ಇಲ್ಲ."

"ಬ್ಯಾರೆ ಕಡೆ?"

ಅದಕ್ಕೆ ಸಾಹೇಬರು ಒಮ್ಮೊಮ್ಮೆ ಟ್ಯಾಬ್ ತೆರೆದು ಒಂದು ಹೊಸ ಚುಕ್ಕಿ ತೋರಿಸುತ್ತಾರೆ. ಅವರ ನಕಾಶೆ ದೊಡ್ಡದು, ಇಂಥ ತಿರುವುಗಳು ಬೇಕಾದಷ್ಟಿವೆ. ಇನ್ನೊಂದು ಮನೆಯ ಚಾಪೆಯ ಮೇಲೆ ಕೂರಲು ಹೊರಟಿರುತ್ತಾರೆ.

ಹೋದ ಅಮಾವಾಸ್ಯೆ ಸಂಜೆ ಗಾಡಿಗಳೆಲ್ಲ ಹೋದ ಮೇಲೆ ನಾನು ಅತ್ತೆಯನ್ನು ಕರೆತರಲು ಹೋಗಿದ್ದೆ. ಬೇವಿನ ಮರದ ಕೆಳಗೆ ದೀಪ ಉರಿಯುತ್ತಿತ್ತು. ಅವರು ಕಲ್ಲಿಗೆ ಒರಗಿ ಕೂತು, ಕಾಲು ನೀವಿಕೊಳ್ಳುತ್ತ, ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತಿದ್ದರು. ಫೋನು ಇರಬೇಕು ಎಂದುಕೊಂಡು ಹತ್ತಿರ ಹೋದೆ. ಕೈಯಲ್ಲಿ ಫೋನಿರಲಿಲ್ಲ.

"ಇವತ್ತ ಕೆಟ್ಟ ಸುದ್ದಿ ಹೇಳಾಕ ಯಾರ ಮನೀ ಮುಂದನೂ ಜೀಪ್ ನಿಂದ್ರಲಿಲ್ಲ ನೋಡಪಾ," ಎನ್ನುತ್ತಿದ್ದರು ಮಗನಿಗೆ.